ಎಂಜಿನ್ ಒಂದೇ, ಅವತಾರ ನಾಲ್ಕು: ಸುಜುಕಿ ಎಸ್‌ವಿ650 ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಗಾಡಿಯ, ಸುಜುಕಿಯ ಎಸ್‌ವಿ650 ಬೈಕಿನ, ಸುತ್ತ ಸುತ್ತುತ್ತಿದ್ದವು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಸ್‌ವಿ650 ಕೊಳ್ಳಬೇಕೆಂದಿದ್ದೇನೆ. 1999ರದ್ದಾಗಲಿ 2016ರದ್ದಾಗಲಿ ಎಂಜಿನ್ ಒಂದೇ, ಯಾವುದಾದರೂ ತಗೊಳ್ಳಿ ಅನ್ನುತ್ತಾರೆ. ನಿಜವೇ?

ಮುಕ್ಕಾಲು ಪಾಲು ನಿಜ. 81 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ), 62.6 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ), 645 ಸಿಸಿ, 90 ಡಿಗ್ರಿಯ ವಿ-ಟ್ವಿನ್ (‘ವಿ’ ಆಕಾರದಲ್ಲಿ ಕೂತ ಎರಡು ಸಿಲಿಂಡರ್), ಸಿಲಿಂಡರಿಗೆ ನಾಲ್ಕು ವಾಲ್ವ್, ನೀರಿನ ಕೂಲಿಂಗ್: ಇಷ್ಟನ್ನು ಸುಜುಕಿ 1999ರಿಂದ ಮುಟ್ಟಲೇ ಇಲ್ಲ. ಬದಲಾದದ್ದೆಲ್ಲ ಅದರ ಸುತ್ತ.

1999ರ ಮೊದಲ ಪೀಳಿಗೆಗೆ ಎರಡು 39 ಮಿ.ಮೀ. ಮಿಕುನಿ ಕಾರ್ಬೊರೇಟರ್, ಮೊಟ್ಟೆಯಾಕಾರದ ಅಲ್ಯೂಮಿನಿಯಂ ಕೊಳವೆಗಳನ್ನು ಬೆಸೆದ ಫ್ರೇಮ್. ಎಣ್ಣೆ ನೀರು ಇಲ್ಲದೆ ತೂಕ 165 ಕೆ.ಜಿ. ಶಕ್ತಿ 70 ಕುದುರೆಯ ಆಸುಪಾಸು. 2003ರಲ್ಲಿ ಕಾರ್ಬೊರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು, ಫ್ರೇಮ್ ಎರಕದ ಅಲ್ಯೂಮಿನಿಯಂನದ್ದಾಗಿ ಮೂಲೆ ಮೂಲೆಯಾಯಿತು. 2007ರಲ್ಲಿ ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ ಬಂದವು, ಎಬಿಎಸ್ ಕೂಡ ಸಿಗತೊಡಗಿತು. 2009ರಲ್ಲಿ ಬಂದದ್ದು ಗ್ಲೇಡಿಯಸ್: ಅಲ್ಯೂಮಿನಿಯಂ ಫ್ರೇಮ್ ಬಿಟ್ಟು ಉಕ್ಕಿನ ಟ್ರೆಲ್ಲಿಸ್ (ಕೊಳವೆಗಳ ಜಾಲರಿಯಂಥ) ಫ್ರೇಮ್, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೆಚ್ಚಲೆಂದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿಗೆ ಇನ್ನಷ್ಟು ಭಾರ, ಮತ್ತು ಕೊಳ್ಳುವವರನ್ನು ಎರಡು ಪಂಗಡ ಮಾಡಿದ ಆ ಗುಂಡು ಗುಂಡು ರೂಪ. 2016ರಲ್ಲಿ ಹೆಸರೂ ಸರಳ ರೂಪವೂ ವಾಪಸ್ ಬಂದವು, ಉಕ್ಕಿನ ಫ್ರೇಮ್ ಮಾತ್ರ ಉಳಿಯಿತು. 8,500 ಆರ್‌ಪಿಎಂನಲ್ಲಿ 76 ಪಿಎಸ್, 8,100ರಲ್ಲಿ 64 ನ್ಯೂಟನ್ ಮೀಟರ್ ಟಾರ್ಕ್, ಸೀಟಿನ ಎತ್ತರ 785 ಮಿ.ಮೀ. 2018ರಲ್ಲಿ ಮುಂದಿನ ಬ್ರೇಕಿಗೆ ನಾಲ್ಕು ಪಿಸ್ಟನ್ ಕ್ಯಾಲಿಪರ್ ಸಿಕ್ಕಿತು.

ನಮ್ಮ ಅಭಿಪ್ರಾಯ: ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಅಭ್ಯಾಸವಿದ್ದರೆ 2003ರಿಂದ 2008ರೊಳಗಿನದ್ದು ನೋಡಿ. ಇಂಜೆಕ್ಷನ್ನೂ ಇದೆ, ಅಲ್ಯೂಮಿನಿಯಂ ಫ್ರೇಮೂ ಇದೆ. ಬರೀ ಓಡಿಸುವವರಾದರೆ 2016ರ ನಂತರದ್ದು. ಕಾರ್ಬೊರೇಟರಿನ ಗಾಡಿ ಓಡಿಸಲು ಬಲು ಚೆಂದ, ಆದರೆ ಮೂರು ತಿಂಗಳು ನಿಲ್ಲಿಸಿದರೆ ಪೆಟ್ರೋಲ್ ಹಾಯುವ ಸಣ್ಣ ತೂತಾದ ಪೈಲಟ್ ಜೆಟ್ಟಿನಲ್ಲಿ ಪೆಟ್ರೋಲ್ ಅಂಟಾಗಿ ಕೂರುತ್ತದೆ. ನಿಲ್ಲಿಸುವ ಮುಂಚೆ ಕಾರ್ಬೊರೇಟರಿನ ತಳದ ಬಟ್ಟಲಾದ ಫ್ಲೋಟ್ ಬೌಲಿನ ಪೆಟ್ರೋಲ್ ಇಳಿಸುವ ತಾಳ್ಮೆ ಇದ್ದವರಿಗೆ ಮಾತ್ರ ಅದು.

ಗಾಡಿ ನೋಡಲು ಹೋದಾಗ ಓಡೋಮೀಟರ್ ಆಮೇಲೆ ನೋಡಿ. ಮೊದಲು ಬಗ್ಗಿ ಮುಂದಿನ ಸಿಲಿಂಡರಿನ ಎಕ್ಸಾಸ್ಟ್ ಬೋಲ್ಟುಗಳನ್ನು ನೋಡಿ. ಚಕ್ರದಿಂದ ಎರಚುವ ಕೆಸರೆಲ್ಲ ಬೀಳುವುದು ಅಲ್ಲಿಗೇ. ತುಕ್ಕು ಹಿಡಿದು ತಲೆ ಕರಗಿದ ಬೋಲ್ಟನ್ನು ಬಿಚ್ಚಲು ಹೋದರೆ ತುಂಡಾಗಿ ಒಳಗೇ ಉಳಿಯುತ್ತದೆ. ಅದನ್ನು ಡ್ರಿಲ್ ಮಾಡಿ ತೆಗೆಸುವ ಕೂಲಿಯನ್ನು ಲೆಕ್ಕಕ್ಕೆ ಹಿಡಿದೇ ಚೌಕಾಸಿ ಮಾಡಿ.

ಪ್ರಶ್ನೆ: ಮಳೆಯಲ್ಲಿ ಜೋರಾಗಿ ಹೋಗುವಾಗ ಗಾಡಿ ಇದ್ದಕ್ಕಿದ್ದಂತೆ ಮಿಸ್ ಹೊಡೆಯುತ್ತದೆ, ಒಂದು ಸಿಲಿಂಡರ್ ಸತ್ತಂತೆ. ಮೆಕ್ಯಾನಿಕ್ ಹತ್ತಿರ ತಲುಪುವಷ್ಟರಲ್ಲಿ ಸರಿಹೋಗಿರುತ್ತದೆ. ಕಾಯಿಲ್ ಬದಲಿಸಿಯೂ ಆಯಿತು. ಏನು ಮಾಡಲಿ?

ಕಾಯಿಲಿನದ್ದು ತಪ್ಪಿಲ್ಲ, ಪಾಪ. ಇದು ಎಸ್‌ವಿಯ ಹುಟ್ಟು ಗುಣ.

ಮುಂದಿನ ಸಿಲಿಂಡರ್ ಹೆಚ್ಚುಕಡಿಮೆ ಅಡ್ಡ ಮಲಗಿ, ತಲೆಯನ್ನು ನೇರ ಮುಂದಿನ ಚಕ್ರಕ್ಕೆ ಒಡ್ಡಿದೆ. ಪ್ಲಗ್ ಕೂರುವುದು ಆಳವಾದ ಬಾವಿಯಲ್ಲಿ. ಚಕ್ರ ಎರಚುವ ನೀರು ಪ್ಲಗ್ ಕ್ಯಾಪಿನ ರಬ್ಬರಿನ ಅಂಚಿನಿಂದ ಒಳಗೆ ಜಿನುಗುತ್ತದೆ. ಹಾಗೆ ಹೋದ ನೀರು ಹೊರಬರಲೆಂದೇ ಬಾವಿಯ ತಳದಿಂದ ಹೆಡ್ಡಿನ (ಸಿಲಿಂಡರಿನ ತಲೆಯ) ಹೊರಮೈಗೆ ಒಂದು ಸಣ್ಣ ತೂತು ಕೊಟ್ಟಿದ್ದಾರೆ. ಅದರಲ್ಲಿ ಮಣ್ಣು ತುಂಬಿಕೊಂಡರೆ ನೀರು ಬಾವಿಯಲ್ಲೇ ನಿಲ್ಲುತ್ತದೆ, ಕರೆಂಟು ಪ್ಲಗ್ಗಿನ ತುದಿಗೆ ಹೋಗುವ ಬದಲು ನೀರು ಹಿಡಿದು ಹೆಡ್ಡಿಗೆ ಹಾರುತ್ತದೆ. ಆಮೇಲೆ ಎಂಜಿನ್ನಿನ ಬಿಸಿಗೆ ನೀರು ಆವಿಯಾಗಿ ಎಲ್ಲ ಸರಿ. ನಿಮ್ಮ ಮೆಕ್ಯಾನಿಕ್ಕಿಗೆ ಏನೂ ಸಿಗದಿರುವುದು ಅದಕ್ಕೇ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಮಿಸ್ ಹೊಡೆಯುವಾಗಲೇ ಗಾಡಿ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಎರಡೂ ಎಕ್ಸಾಸ್ಟ್ ಪೈಪಿನ ಮೇಲೆ, ಹೆಡ್ಡಿಗೆ ಹತ್ತಿರ, ನಾಲ್ಕು ಹನಿ ನೀರು ಹಾಕಿ. ಹಿಂದಿನದರಲ್ಲಿ ಚುರ್ ಅಂದು ಮುಂದಿನದರಲ್ಲಿ ಸುಮ್ಮನೆ ಹರಿದುಹೋದರೆ ಸತ್ತಿರುವುದು ಮುಂದಿನ ಸಿಲಿಂಡರ್.

ರೇಡಿಯೇಟರಿನ ಬೋಲ್ಟ್ ಸಡಿಲಿಸಿ ಅದನ್ನು ಮುಂದಕ್ಕೆ ವಾಲಿಸಿ. ಹೋಸ್ ಕಳಚಬೇಕಿಲ್ಲ. ಪ್ಲಗ್ ಕ್ಯಾಪ್ ಎಳೆಯಿರಿ, ಆದರೆ ಪ್ಲಗ್ ಬಿಚ್ಚಬೇಡಿ. ಮೊದಲು ಗಾಳಿ ಹಾಕಿ ಬಾವಿಯ ಮರಳನ್ನೆಲ್ಲ ಹಾರಿಸಿ. ಈ ಕ್ರಮ ತಪ್ಪಿದರೆ ಅಷ್ಟೂ ಮರಳು ಸಿಲಿಂಡರಿಗೆ ಬೀಳುತ್ತದೆ. ಈಗ ಹೊರಗಿನಿಂದ ತೂತಿಗೆ ಒಂದೂವರೆ ಮಿ.ಮೀ. ತಂತಿ ತೂರಿಸಿ ತಿರುಗಿಸಿ, ಮತ್ತೆ ಗಾಳಿ ಹೊಡೆಯಿರಿ. ಪ್ಲಗ್ ಇದ್ದಲ್ಲೇ ಇರುವಾಗ ಬಾವಿಗೆ ಒಂದು ಚಮಚ ನೀರು ಬಿಡಿ. ತೂತಿನಿಂದ ತಡೆಯಿಲ್ಲದೆ ಹೊರಬಂದರೆ ಕೆಲಸ ಆದಂತೆ. ಒಣಗಿಸಿ, ಕ್ಯಾಪಿನ ಅಂಚಿಗೆ ಸುತ್ತಲೂ ಡೈಎಲೆಕ್ಟ್ರಿಕ್ ಗ್ರೀಸ್ ಬಳಿದು ಕೂರಿಸಿ. ಮುಂದಿನ ಮಡ್‌ಗಾರ್ಡಿನ ತುದಿಗೆ ಹತ್ತು ಸೆಂ.ಮೀ. ಉದ್ದದ ಎಕ್ಸ್‌ಟೆಂಡರ್ ಅಂಟಿಸಿದರೆ ಪ್ಲಗ್ಗೂ ರೇಡಿಯೇಟರೂ ಎಕ್ಸಾಸ್ಟ್ ಬೋಲ್ಟೂ ಮೂರೂ ಬದುಕಿಕೊಳ್ಳುತ್ತವೆ.

ನೀರು ಬರುವುದೇ ಆ ತೂತಿನಿಂದ ಅಂದುಕೊಂಡು ಅದಕ್ಕೆ ಸಿಲಿಕೋನ್ ತುಂಬುವವರಿದ್ದಾರೆ. ದಯವಿಟ್ಟು ಬೇಡ.

ಪ್ರಶ್ನೆ: ಈಗ ಎಲ್ಲರೂ ಪ್ಯಾರಲಲ್ ಟ್ವಿನ್ (ಅಕ್ಕಪಕ್ಕ ಕೂತ ಎರಡು ಸಿಲಿಂಡರ್) ಮಾಡುತ್ತಿದ್ದಾರೆ. ಯಮಹಾ ಎಂಟಿ-07 ಹಾಗೇ ಇದೆ, ಸುಜುಕಿಯದೇ ಜಿಎಸ್‌ಎಕ್ಸ್-8ಎಸ್ ಕೂಡ. ಶಬ್ದವೂ ಒಂದೇ ತರಹ. ಹಾಗಿದ್ದ ಮೇಲೆ ವಿ-ಟ್ವಿನ್‌ನ ಹೆಚ್ಚುಗಾರಿಕೆ ಏನು?

ಶಬ್ದ ಒಂದೇ ತರಹ ಇರುವುದು ಆಕಸ್ಮಿಕ ಅಲ್ಲ. ಎಸ್‌ವಿಯ ಎರಡೂ ಕನೆಕ್ಟಿಂಗ್ ರಾಡ್ ಒಂದೇ ಕ್ರ್ಯಾಂಕ್ ಪಿನ್ನಿಗೆ ಕೂತಿವೆ, ಸಿಲಿಂಡರುಗಳ ನಡುವೆ 90 ಡಿಗ್ರಿ. ಆದ್ದರಿಂದ ಒಂದು ಸಿಡಿತ ಆದ 270 ಡಿಗ್ರಿಗೆ ಇನ್ನೊಂದು, ಅದಾದ 450 ಡಿಗ್ರಿಗೆ ಮತ್ತೊಂದು. 2014ರ ಎಂಟಿ-07ರ 689 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರುಗಳು ಅಕ್ಕಪಕ್ಕ ಇದ್ದರೂ ಕ್ರ್ಯಾಂಕ್ ಪಿನ್ನುಗಳನ್ನು 270 ಡಿಗ್ರಿ ತಿರುಚಿ ಅದೇ ಲಯ ತಂದಿದ್ದಾರೆ.

ವ್ಯತ್ಯಾಸ ಇರುವುದು ನಡುಕದಲ್ಲಿ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಎಂಜಿನ್ನನ್ನು ತನ್ನ ದಿಕ್ಕಿನಲ್ಲಿ ಜಗ್ಗುತ್ತದೆ. 90 ಡಿಗ್ರಿ ವಿ-ಯಲ್ಲಿ ಒಂದು ಪಿಸ್ಟನ್ನಿನ ಜಗ್ಗುವಿಕೆ ತುಟ್ಟತುದಿ ಮುಟ್ಟಿದಾಗ ಇನ್ನೊಂದರದ್ದು ಸೊನ್ನೆ. ಎರಡನ್ನೂ ಕೂಡಿದರೆ ಕ್ರ್ಯಾಂಕಿನ ಜೊತೆಗೇ ತಿರುಗುವ, ಅಳತೆ ಬದಲಾಗದ ಒಂದೇ ಬಲ ಉಳಿಯುತ್ತದೆ. ತಿರುಗುವ ಬಲವನ್ನು ಕ್ರ್ಯಾಂಕಿನ ಎದುರು ಬದಿಗೆ ಭಾರ ಇಟ್ಟು ಪೂರ್ತಿ ಅಳಿಸಬಹುದು. ಹಾಗಾಗಿ ಎಸ್‌ವಿಯಲ್ಲಿ ಬ್ಯಾಲೆನ್ಸರ್ ಶಾಫ್ಟ್ (ನಡುಕ ಅಳಿಸಲೆಂದೇ ತಿರುಗುವ ಭಾರದ ದಂಡ) ಇಲ್ಲ, ಬೇಕಾಗಿಯೂ ಇಲ್ಲ. ಅಕ್ಕಪಕ್ಕದ ಸಿಲಿಂಡರುಗಳಲ್ಲಿ ಅದೇ ಬಲಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡಿಸುತ್ತವೆ. ಅದನ್ನು ತಡೆಯಲು ಬ್ಯಾಲೆನ್ಸರ್ ಬೇಕೇ ಬೇಕು. 2023ರಲ್ಲಿ ಮಾರಾಟಕ್ಕೆ ಬಂದ ಜಿಎಸ್‌ಎಕ್ಸ್-8ಎಸ್‌ನ 776 ಸಿಸಿ ಎಂಜಿನ್ನಿಗೆ ಸುಜುಕಿ ಎರಡು ಬ್ಯಾಲೆನ್ಸರ್ ಇಟ್ಟಿದೆ.

ಹಾಗಿದ್ದೂ ಕಂಪನಿಗಳು ಪ್ಯಾರಲಲ್ ಕಡೆ ಹೊರಳಿದ್ದೇಕೆಂದರೆ ವಿ-ಟ್ವಿನ್ನಿಗೆ ಹೆಡ್ ಎರಡು, ಕ್ಯಾಮ್ ಚೈನ್ ಎರಡು, ಕ್ಯಾಮ್ ಶಾಫ್ಟ್ ನಾಲ್ಕು. ಒಂದು ಎಕ್ಸಾಸ್ಟ್ ಮುಂದೆ, ಒಂದು ಹಿಂದೆ. ಉದ್ದ ಹೆಚ್ಚು, ಆದ್ದರಿಂದ ಸ್ವಿಂಗ್‌ಆರ್ಮಿಗೆ ಜಾಗ ಕಡಿಮೆ. ತಯಾರಿಕೆಯ ಖರ್ಚೇ ಮುಖ್ಯ ಕಾರಣ. ಓಡಿಸುವವನಿಗೆ ಮಾತ್ರ ವಿ-ಟ್ವಿನ್ ಇಂದಿಗೂ ಒಂದು ಮೆಟ್ಟಿಲು ಮೇಲೆ. ಗಾಡಿ ತೊಡೆಗಳ ನಡುವೆ ಎಷ್ಟು ಸಪೂರ ಅನ್ನುವುದನ್ನು ಒಮ್ಮೆ ಕೂತು ನೋಡಿ.

ಪ್ರಶ್ನೆ: ಬ್ರೇಕ್ ಹಿಡಿದರೆ ಮುಂಭಾಗ ಮುಗ್ಗರಿಸುತ್ತದೆ, ಹಾಗಿದ್ದೂ ಸಣ್ಣ ಗುಂಡಿಗೆ ಕೈ ಜಾಡಿಸುತ್ತದೆ. ಮೆತ್ತಗೂ ಇದೆ, ಗಡುಸೂ ಇದೆ. ಇದೆಂಥ ವಿಚಿತ್ರ? ನನ್ನದು 2004ರ ಗಾಡಿ, ನನ್ನ ತೂಕ 80 ಕೆ.ಜಿ.

ವಿಚಿತ್ರ ಅಲ್ಲ, ಡ್ಯಾಂಪರ್ ರಾಡ್ ಫೋರ್ಕಿನ (ತೂತಿರುವ ರಾಡಿನ ಮೂಲಕ ಎಣ್ಣೆ ಹಾಯಿಸಿ ಹೊಡೆತ ತಡೆಯುವ ಮುಂದಿನ ಸಸ್ಪೆನ್ಷನ್ನಿನ) ಸ್ವಭಾವವೇ ಅದು. ಎಣ್ಣೆ ಹಾದುಹೋಗುವುದು ಅಳತೆ ಬದಲಾಗದ ತೂತುಗಳಲ್ಲಿ. ಫೋರ್ಕ್ ಕುಗ್ಗುವ ವೇಗ ಎರಡು ಪಟ್ಟಾದರೆ ಎಣ್ಣೆಯ ತಡೆ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನ ಕುಗ್ಗುತ್ತದೆ, ತಡೆ ಸಾಲದೆ ಮುಗ್ಗರಿಸುತ್ತದೆ. ಗುಂಡಿಯ ಅಂಚಿಗೆ ಬಡಿದಾಗ ವೇಗ ವಿಪರೀತ, ಎಣ್ಣೆಗೆ ದಾರಿ ಸಾಲದೆ ಕಲ್ಲಾಗುತ್ತದೆ. ಬೆಲೆ ಇಳಿಸಲು ಸುಜುಕಿ ಕೈ ಬಿಗಿಹಿಡಿದದ್ದು ಇಲ್ಲೇ. ಸ್ಪ್ರಿಂಗ್ ಕೂಡ ಹಗುರ ಆಳಿಗೆ ಹೊಂದಿಸಿದ್ದು.

ಬರೀ ದಪ್ಪ ಎಣ್ಣೆ ಹಾಕಿದರೆ ಮುಗ್ಗರಿಸುವುದು ತುಸು ಕಡಿಮೆಯಾಗಿ ಗುಂಡಿಯ ಹೊಡೆತ ದುಪ್ಪಟ್ಟಾಗುತ್ತದೆ. ಸರಿಯಾದ ದಾರಿ ಎರಡು ಕೆಲಸ ಒಟ್ಟಿಗೆ ಮಾಡುವುದು: ನಿಮ್ಮ ತೂಕಕ್ಕೆ ಮಿ.ಮೀ.ಗೆ 0.85ರಿಂದ 0.90 ಕೆ.ಜಿ.ಯ ಸ್ಪ್ರಿಂಗ್, ಮತ್ತು ಕಾರ್ಟ್ರಿಜ್ ಎಮ್ಯುಲೇಟರ್. ಇದು ರಾಡಿನ ತಲೆಯ ಮೇಲೆ ಕೂರುವ, ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್. ನಿಧಾನದಲ್ಲಿ ಮುಚ್ಚಿರುತ್ತದೆ, ಹೊಡೆತ ಬಿದ್ದಾಗ ತೆರೆಯುತ್ತದೆ.

ಮೊದಲು ಗಾಡಿ ಇನ್ನೂ ನೆಲದ ಮೇಲೆ ನಿಂತಿರುವಾಗಲೇ ಮೇಲಿನ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಫೋರ್ಕ್ ಕ್ಯಾಪನ್ನು ಕಾಲು ಸುತ್ತು ಬಿಡಿಸಿಡಿ. ಹೊರತೆಗೆದ ಮೇಲೆ ಅದನ್ನು ಹಿಡಿದು ತಿರುಗಿಸುವುದು ಕಷ್ಟ. ಆಮೇಲೆ ಮುಂಭಾಗ ಎತ್ತಿ ಚಕ್ರ ಬಿಚ್ಚಿ. ಕ್ಯಾಲಿಪರನ್ನು ತಂತಿಯಲ್ಲಿ ನೇತುಹಾಕಿ, ಹೋಸಿನಲ್ಲಿ ಅಲ್ಲ. ಫೋರ್ಕಿನ ತಳದ ಅಲೆನ್ ಬೋಲ್ಟನ್ನು ಒಳಗೆ ಸ್ಪ್ರಿಂಗ್ ಒತ್ತಿಕೊಂಡಿರುವಾಗಲೇ ಬಿಚ್ಚಬೇಕು. ಸ್ಪ್ರಿಂಗ್ ತೆಗೆದ ಮೇಲಾದರೆ ರಾಡ್ ಬೋಲ್ಟಿನ ಜೊತೆಗೇ ಸುತ್ತುತ್ತದೆ.

ರಾಡ್ ಹೊರಬಂದ ಮೇಲೆ ಅದರ ಕೆಳತುದಿಯ ಕಂಪ್ರೆಷನ್ ತೂತುಗಳನ್ನು 8 ಮಿ.ಮೀ.ಗೆ ಹಿಗ್ಗಿಸಿ, ಒಟ್ಟು ಆರು ಆಗುವಂತೆ ಹೊಸವನ್ನು ಕೊರೆಯಿರಿ. ಎದುರುಬದುರು ಜೋಡಿಗಳು, ಒಂದು ಜೋಡಿಗಿಂತ ಮುಂದಿನದು 90 ಡಿಗ್ರಿ ತಿರುಗಿ, ನಡುವೆ ಹತ್ತು ಮಿ.ಮೀ. ಅಂತರ. ಒಂದೇ ಸಾಲಿಗೆ ಕೊರೆದರೆ ರಾಡ್ ಬಲಹೀನವಾಗುತ್ತದೆ. ಇನ್ನು ತಡೆ ಕೊಡುವುದು ವಾಲ್ವಿನ ಕೆಲಸ, ಈ ತೂತುಗಳು ಎಣ್ಣೆಗೆ ಬರೀ ದಾರಿ. ಮೇಲ್ಭಾಗದ ರಿಬೌಂಡ್ ತೂತನ್ನು ಮಾತ್ರ ಮುಟ್ಟಬೇಡಿ. ಕೊರೆದ ಅಂಚುಗಳನ್ನು ಒಳಗೂ ಹೊರಗೂ ಉಜ್ಜಿ ನಯ ಮಾಡಿ, ಇಲ್ಲವಾದರೆ ಲೋಹದ ಚೂರು ಬುಶ್ಶನ್ನು ತಿನ್ನುತ್ತದೆ.

ಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ಸುರಿಯಬೇಡಿ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಕುಗ್ಗಿಸಿ, ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಿಸಿ, ಕಾಲು ಗಂಟೆ ನಿಲ್ಲಿಸಿ. ಆಮೇಲೆ ಕೊಳವೆಯ ಬಾಯಿಂದ ಎಣ್ಣೆಯ ಮಟ್ಟ ಅಳೆದು ಕಿಟ್ಟಿನ ಚೀಟಿಯಲ್ಲಿರುವಷ್ಟಕ್ಕೆ ತನ್ನಿ. ಎರಡೂ ಕಾಲಿಗೆ ಒಂದೇ ಮಟ್ಟ. ಎಮ್ಯುಲೇಟರಿನ ಪುಟ್ಟ ಸ್ಪ್ರಿಂಗಿಗೆ ಎರಡು ಸುತ್ತು ಬಿಗಿತ ಕೊಟ್ಟು ಶುರು ಮಾಡಿ. ಕೊನೆಗೆ ನೀವು ಕೂತಾಗ ಫೋರ್ಕ್ 30ರಿಂದ 35 ಮಿ.ಮೀ. ಇಳಿಯಬೇಕು. ಹೆಚ್ಚು ಇಳಿದರೆ ಸ್ಪ್ರಿಂಗನ್ನು ಒತ್ತಿಹಿಡಿಯುವ ಸ್ಪೇಸರ್ ಕೊಳವೆ ಉದ್ದ ಮಾಡಿ, ಕಡಿಮೆಯಾದರೆ ಕತ್ತರಿಸಿ.

ಪ್ರಶ್ನೆ: ವರ್ಷದಲ್ಲಿ ಎರಡು ಬ್ಯಾಟರಿ ಹೋದವು. ಮೂರನೆಯದೂ ಇಳಿಯುತ್ತಿದೆ.

ನಾಲ್ಕನೆಯದು ಕೊಳ್ಳುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ, ಎಂಜಿನ್ ಬಂದ್ ಇದ್ದಾಗ 12.6 ವೋಲ್ಟಿನ ಆಸುಪಾಸು ಇರಬೇಕು. ಎಂಜಿನ್ 5,000 ಆರ್‌ಪಿಎಂನಲ್ಲಿ, ಹೆಡ್‌ಲೈಟ್ ಉರಿಯುತ್ತಾ, ಬ್ಯಾಟರಿಯ ತುದಿಗಳಲ್ಲಿ 13.5ರಿಂದ 15ರೊಳಗೆ. 15.5 ದಾಟಿದರೆ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಸತ್ತಿದೆ, ಅದೇ ಬ್ಯಾಟರಿಯನ್ನು ಕುದಿಸುತ್ತಿದೆ. 13ಕ್ಕಿಂತ ಕೆಳಗಿದ್ದರೆ ಕರೆಂಟು ಹುಟ್ಟಿಸುವ ಸ್ಟೇಟರಿನ ಮೂರು ತಂತಿಯ ಕಪ್ಲರ್ ಬಿಚ್ಚಿ ನೋಡಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅರ್ಧ ರೋಗ ಅಲ್ಲೇ. ಆ ಮೂರು ತಂತಿಗಳ ನಡುವೆ ಎರಡೆರಡನ್ನು ಹಿಡಿದು 5,000 ಆರ್‌ಪಿಎಂನಲ್ಲಿ ಎಸಿ ಅಳೆಯಿರಿ: ಮೂರೂ ಅಳತೆ 60 ವೋಲ್ಟಿನ ಮೇಲಿರಬೇಕು, ಒಂದಕ್ಕೊಂದು ಹತ್ತಿರ ಇರಬೇಕು. ಎಂಜಿನ್ ನಿಲ್ಲಿಸಿ, ಯಾವ ತಂತಿಗೂ ಬಾಡಿಗೂ ಸಂಪರ್ಕ ಇರಬಾರದು. ಇದ್ದರೆ ಸ್ಟೇಟರಿನ ಸುರುಳಿ ಸುಟ್ಟಿದೆ.

ಹಳೆಯ ಷಂಟ್ ಮಾದರಿಯ ರೆಗ್ಯುಲೇಟರ್ ಹೆಚ್ಚಾದ ಕರೆಂಟನ್ನು ಷಾರ್ಟ್ ಮಾಡಿ ಬಿಸಿಯಾಗಿಸುತ್ತದೆ. ಲೈಟ್ ಉರಿಯಲಿ ಬಿಡಲಿ, ಸ್ಟೇಟರಿಗೆ ದುಡಿಮೆ ತಪ್ಪುವುದಿಲ್ಲ. ಬದಲಿಸುವುದಾದರೆ ಶಿಂಡೆಂಗೆನ್‌ನ ಎಸ್‌ಎಚ್775 ಹಾಕಿ. ಅದು ಸೀರೀಸ್ ಮಾದರಿ, ಬೇಡದಾಗ ಸರ್ಕ್ಯೂಟನ್ನೇ ತೆರೆಯುತ್ತದೆ, ಸ್ಟೇಟರ್ ತಣ್ಣಗಿರುತ್ತದೆ. ಅದರ ಔಟ್‌ಪುಟ್ಟನ್ನು 30 ಆಂಪಿಯರ್ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಎಳೆಯಿರಿ. ಗಾಳಿ ತಗುಲುವ ಜಾಗ ಹುಡುಕಿ ಕೂರಿಸಿ.

ಪ್ರಶ್ನೆ: ಟ್ಯಾಪೆಟ್ ಸದ್ದೇ ಇಲ್ಲ. 24,000 ಕಿ.ಮೀ.ಗೆ ವಾಲ್ವ್ ಕ್ಲಿಯರೆನ್ಸ್ ನೋಡಿಸಲೇಬೇಕೆ?

ಸದ್ದಿಲ್ಲ ಅನ್ನುವುದೇ ನೋಡಿಸಲು ಕಾರಣ. ಓಡಿದಂತೆಲ್ಲ ವಾಲ್ವ್ ತನ್ನ ಸೀಟಿನೊಳಗೆ ಸವೆದು ಕೂರುತ್ತದೆ, ಅದಕ್ಕೂ ಅದನ್ನು ತಳ್ಳುವ ಕ್ಯಾಮಿಗೂ ನಡುವಿನ ಅಂತರ (ಕ್ಲಿಯರೆನ್ಸ್) ಕಡಿಮೆಯಾಗುತ್ತದೆ, ಎಂಜಿನ್ ಇನ್ನಷ್ಟು ಮೌನವಾಗುತ್ತದೆ. ಅಂತರ ಪೂರ್ತಿ ಹೋದ ದಿನ ವಾಲ್ವ್ ಮುಚ್ಚುವುದಿಲ್ಲ, ಸುಡುತ್ತದೆ.

ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಇನ್‌ಟೇಕ್ 0.10ರಿಂದ 0.20 ಮಿ.ಮೀ., ಎಕ್ಸಾಸ್ಟ್ 0.20ರಿಂದ 0.30. ಅಳೆಯುವ ಸಿಲಿಂಡರಿನ ಕ್ಯಾಮ್ ಮೂಗುಗಳು ಬಕೆಟ್ಟಿನಿಂದ (ವಾಲ್ವಿನ ತಲೆಯ ಮೇಲಿನ ಬಟ್ಟಲಿನಿಂದ) ಆಚೆ ಮುಖ ಮಾಡಿರಬೇಕು. ಅಂತರ ಹೊಂದಿಸುವ ಬಿಲ್ಲೆಯಾದ ಶಿಮ್ ಬಕೆಟ್ಟಿನ ಕೆಳಗಿರುವುದರಿಂದ ಬದಲಿಸಲು ಕ್ಯಾಮ್ ಶಾಫ್ಟ್ ಎತ್ತಬೇಕು. ಲೆಕ್ಕ ಹೀಗೆ: ಹಳೆ ಶಿಮ್‌ಗೆ ಅಳೆದ ಅಂತರ ಕೂಡಿಸಿ, ಬೇಕಾದ ಅಂತರ ಕಳೆಯಿರಿ. ಇನ್‌ಟೇಕ್ ಅಂತರ 0.07 ಬಂತು, ಒಳಗಿರುವ ಶಿಮ್ 1.75, ಬೇಕಾದದ್ದು 0.15 ಅಂದುಕೊಳ್ಳಿ. 1.67 ಬರುತ್ತದೆ. ಶಿಮ್ ಸಿಗುವುದು 0.05ರ ಹೆಜ್ಜೆಯಲ್ಲಿ, ಆದ್ದರಿಂದ 1.65 ಹಾಕಿ. ಅಂತರ 0.17 ಆಗುತ್ತದೆ, ಒಳ್ಳೆಯದೇ, ಮುಂದೆ ಹೇಗೂ ಕಡಿಮೆಯಾಗುವಂಥದ್ದು.

ಕ್ಯಾಮ್ ಎತ್ತುವ ಮುಂಚೆ ಚೈನ್ ಟೆನ್ಷನರ್ ತೆಗೆಯಿರಿ, ಮತ್ತು ಅದು ಹೊರಗಿರುವಾಗ ಕ್ರ್ಯಾಂಕ್ ತಿರುಗಿಸಬೇಡಿ. ಚೈನಿನ ಕುಳಿಗೆ ಬಟ್ಟೆ ತುರುಕಿ, ಬಿದ್ದ ಶಿಮ್ ನೇರ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಕ್ಯಾಮ್ ಕ್ಯಾಪಿನ ಬೋಲ್ಟಿಗೆ 10 ನ್ಯೂಟನ್ ಮೀಟರ್ ಸಾಕು. ಕೈ ಅಂದಾಜಿನಲ್ಲಿ ಬಿಗಿದು ಅಲ್ಯೂಮಿನಿಯಂ ಥ್ರೆಡ್ ಕಿತ್ತ ಹೆಡ್ಡುಗಳಿಗೆ ಲೆಕ್ಕವಿಲ್ಲ.

ಪ್ರಶ್ನೆ: ಇಂಜೆಕ್ಷನ್ ಗಾಡಿ (2003). ನಿಧಾನ ಹೋಗುವಾಗ ಎಳೆದೆಳೆದು ಬಿಡುತ್ತದೆ.

ಮೊದಲು ಚೈನ್. ಸೈಡ್ ಸ್ಟ್ಯಾಂಡಿನಲ್ಲಿ, ನಡುಮಧ್ಯದಲ್ಲಿ 20ರಿಂದ 30 ಮಿ.ಮೀ. ಆಟ ಇರಬೇಕು. ಚಕ್ರ ತಿರುಗಿಸಿ ನಾಲ್ಕು ಕಡೆ ಅಳೆದು, ಅತಿ ಬಿಗಿಯಿರುವ ಜಾಗದಲ್ಲಿ ಹೊಂದಿಸಿ. ಆಮೇಲೆ ಆಕ್ಸಿಲರೇಟರ್ ಕೇಬಲ್, ಅದರ ಆಟ 2ರಿಂದ 4 ಮಿ.ಮೀ. ಈ ಎರಡರಲ್ಲೇ ಅರ್ಧ ಜನರ ಸಮಸ್ಯೆ ಮುಗಿಯುತ್ತದೆ.

ಮುಗಿಯದಿದ್ದರೆ, ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್ ನೋಡಿ. ಸೀಟಿನ ಕೆಳಗಿನ ಡೀಲರ್ ಮೋಡ್ ಕಪ್ಲರಿಗೆ ಜಂಪರ್ ಹಾಕಿ, ಎಂಜಿನ್ ಬಿಸಿಯಾಗಿ 1,300 ಆರ್‌ಪಿಎಂ ಐಡಲ್‌ನಲ್ಲಿರುವಾಗ ಮೀಟರಿನಲ್ಲಿ ಸಿ00 ಬರುತ್ತದೆ. ಅದರ ಮುಂದಿನ ಅಡ್ಡಗೆರೆ ಮಧ್ಯದಲ್ಲಿದ್ದರೆ ಸರಿ. ಮೇಲೆ ಅಥವಾ ಕೆಳಗಿದ್ದರೆ ಸೆನ್ಸರಿನ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿ ಮಧ್ಯಕ್ಕೆ ತನ್ನಿ. ಎರಡು ಥ್ರಾಟಲ್ ಬಾಡಿಗಳ ವ್ಯಾಕ್ಯೂಮ್ ಸಮ ಮಾಡಿಸುವುದು ಅದಾದ ಮೇಲೆ.

ಪ್ರಶ್ನೆ: ಮುಂದಿನ 120/60 ಟೈರಿನ ಬದಲು 120/70 ಹಾಕಬಹುದೇ? ಹಿಂದೆ 180?

ಮುಂದೆ ಹಾಕಬಹುದು. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು. ಹಾಗಾಗಿ ಟೈರಿನ ಗೋಡೆ 72ರಿಂದ 84 ಮಿ.ಮೀ.ಗೆ ಏರುತ್ತದೆ, ಮುಂಭಾಗ ಸುಮಾರು 12 ಮಿ.ಮೀ. ಎತ್ತರವಾಗಿ ತಿರುವಿಗೆ ಬೀಳುವುದು ತುಸು ನಿಧಾನ. ಫೋರ್ಕನ್ನು ಕ್ಲ್ಯಾಂಪಿನಲ್ಲಿ ಅಷ್ಟೇ ಮೇಲೆ ಸರಿಸಿದರೆ ಹಳೆಯ ಚುರುಕು ಬರುತ್ತದೆ. ಮಡ್‌ಗಾರ್ಡಿಗೆ ತಾಗುತ್ತದೆಯೇ ನೋಡಿ. ಗ್ಲೇಡಿಯಸ್‌ನಿಂದ ಈಚೆಗೆ ಕಂಪನಿಯೇ 120/70 ಕೊಡುತ್ತಿದೆ.

ಹಿಂದೆ 180 ಬೇಡ. ರಿಮ್ 4.5 ಇಂಚು, ಅದಕ್ಕೆ 160/60 ಸರಿಯಾದ ಅಳತೆ. ಅಗಲದ ಟೈರನ್ನು ಕಿರಿದು ರಿಮ್ಮಿಗೆ ತುರುಕಿದರೆ ಅದರ ಬೆನ್ನು ಚೂಪಾಗುತ್ತದೆ, ವಾಲಿಸಿದಾಗ ನೆಲ ಹಿಡಿಯುವ ಜಾಗ ಕಡಿಮೆಯಾಗುತ್ತದೆ. ನಿಲ್ಲಿಸಿದಾಗ ಹಿಂದಿನಿಂದ ನೋಡಲು ಚೆಂದ, ಅಷ್ಟೇ.

ಪ್ರಶ್ನೆ: ಪಿಕಪ್ ಬೇಕು. ಮುಂದಿನ ಸ್ಪ್ರಾಕೆಟ್ 15ರಿಂದ 14 ಹಲ್ಲಿಗೆ ಇಳಿಸಲೇ?

ಇಳಿಸಬಹುದು, ಹಿಂದೆ ಮೂರು ಹಲ್ಲು ಏರಿಸಿದಷ್ಟೇ ಪರಿಣಾಮ. ಯಾವ ವೇಗದಲ್ಲೂ ಎಂಜಿನ್ ಸುಮಾರು ಶೇ 7ರಷ್ಟು ಹೆಚ್ಚು ಸುತ್ತುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಚಿಕ್ಕ ಸ್ಪ್ರಾಕೆಟ್ಟಿನ ಮೇಲೆ ಚೈನ್ ಹೆಚ್ಚು ಬಾಗುವುದರಿಂದ ಬೇಗ ಸವೆಯುತ್ತದೆ, ಸ್ವಿಂಗ್‌ಆರ್ಮಿನ ರಬ್ಬರನ್ನೂ ಉಜ್ಜುತ್ತದೆ. ಸ್ಪ್ರಾಕೆಟ್ ಕೊಳ್ಳುವಾಗ ನಿಮ್ಮ ಗಾಡಿಯ ಚೈನಿನ ಅಳತೆ ನೋಡಿ ಹೇಳಿ.

ಪ್ರಶ್ನೆ: ಮುಂದಿನ ಬ್ರೇಕ್ ಪ್ಯಾಡುಗಳಲ್ಲಿ ಒಂದು ಸವೆದು ಹೋಗಿದೆ, ಜೊತೆಯದು ಹೊಸದರಂತಿದೆ.

2018ಕ್ಕಿಂತ ಹಿಂದಿನವಕ್ಕೆ ಎರಡು ಪಿಸ್ಟನ್ನಿನ, ಪಿನ್ ಮೇಲೆ ಜಾರುವ ಕ್ಯಾಲಿಪರ್. ಪಿಸ್ಟನ್ನುಗಳೆರಡೂ ಒಂದೇ ಬದಿಗೆ. ಜಾರುವ ಪಿನ್ ತುಕ್ಕಿಗೆ ಹಿಡಿದುಕೊಂಡರೆ ಆಚೆ ಬದಿಯ ಪ್ಯಾಡ್ ಡಿಸ್ಕಿಗೆ ಒತ್ತುವುದೇ ಇಲ್ಲ. ಕ್ಯಾಲಿಪರ್ ಕಳಚಿ ಪಿನ್ ಎಳೆದು, ನುಣ್ಣನೆಯ ಉಜ್ಜುಕಾಗದದಿಂದ ತುಕ್ಕು ತೆಗೆದು, ರಬ್ಬರ್ ಹೊದಿಕೆ ಹರಿದಿದ್ದರೆ ಬದಲಿಸಿ, ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಮತ್ತೆ ಪಿನ್ ಹಿಡಿದುಕೊಳ್ಳುವಂತೆ ಮಾಡುತ್ತದೆ. ಪಿಸ್ಟನ್ ಒಳಗೆ ತಳ್ಳುವ ಮುಂಚೆ ಅದರ ಹೊರಗಿರುವ ಭಾಗವನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಕೊಳೆಯ ಸಮೇತ ತಳ್ಳಿದರೆ ಸೀಲ್ ಹರಿಯುತ್ತದೆ. ಬಿಚ್ಚಿದ್ದು ಬಿಚ್ಚಿದಿರಿ, ಡಾಟ್ 4 ಬ್ರೇಕ್ ಎಣ್ಣೆ ಹಾಕಿ ಎರಡು ವರ್ಷ ದಾಟಿದ್ದರೆ ಅದನ್ನೂ ಈಗಲೇ ಬದಲಿಸಿಬಿಡಿ.